ಎಲ್ಲರೂ ಹಾಗೇ ಅಳುತ್ತಾರೆ

ಬಿಷ್ಕೆಕ್, 19 ಅಕ್ಟೋಬರ್ 2022

ಸಾತಿಬಾಲ್ದಿ ಮಾವನಿಗೆ ಜಿಪಾರ್ ಮಾಡುವ ಸಲಾಮು.

ನೀವು ಹೇಗಿದ್ದೀರಿ, ಅತ್ತೆಯ ಮಂಡಿನೋವು ಹೇಗಿದೆ, ಕುರಿಗಳು ಬೆಟ್ಟ ಇಳಿದವೇ ಎಂದು ಮೊದಲು ಕೇಳುವುದು ಮರ್ಯಾದೆ. ಇವತ್ತು ನನಗೆ ಅಷ್ಟು ತಾಳ್ಮೆ ಇಲ್ಲ. ನೀವು ಏನು ಮಾಡಿಟ್ಟಿದ್ದೀರಿ ಗೊತ್ತೇ ಮಾವ?

ಬೆಳಿಗ್ಗೆ ತನಿಖಾಧಿಕಾರಿ ನನ್ನನ್ನು ಕರೆಸಿ, ಮೇಜಿನ ಮೇಲೆ ಫೋನ್ ಇಟ್ಟು ಒಂದು ವಿಡಿಯೋ ತೋರಿಸಿದ. ನಿಮ್ಮೂರು. ತೀರಿಹೋದ ಕುತ್ಮಾನ್ ಮನೆಯ ಮುಂದೆ ಹಾಕಿದ ಕಂಬಳಿ ಗುಡಾರ. ಕೋಲಿನ ಮೇಲೆ ಬಾಗಿ ಗೋಳಾಡುತ್ತಿರುವವನು ನನ್ನ ಕಕ್ಷಿದಾರ ಮಾರ್ಲೆನ್. ಅವನ ಸೊಂಟ ಹಿಡಿದು ನಿಂತಿರುವ ಬಿಳಿ ಟೋಪಿಯ ಮುದುಕ ನನ್ನ ಸ್ವಂತ ಸೋದರಮಾವ! ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ಸಾವಿನ ಮನೆಯ ಕಡೆ ತಲೆ ಹಾಕಬೇಡಿ ಎಂದು ನಾನು ಮಾರ್ಲೆನ್‌ಗೆ ಸಾರಿ ಸಾರಿ ಹೇಳಿದ್ದೆ. ಅವನ ಕಂಪನಿ ಕಟ್ಟುತ್ತಿದ್ದ ಕಟ್ಟಡದಲ್ಲಿ ಆಳು ಸತ್ತಿದ್ದಾನೆ. ಒಂಬತ್ತನೇ ಮಹಡಿಯ ಹೊರಗೋಡೆಗೆ ಕಲ್ಲು ಕೂರಿಸುತ್ತಿದ್ದ ಕುತ್ಮಾನ್ ಕೆಳಗೆ ಬಿದ್ದಾಗ ಅವನ ಸೊಂಟದಲ್ಲಿ ಬೆಲ್ಟ್ ಇತ್ತು, ಬೆಲ್ಟಿಗೆ ಹಗ್ಗ ಇರಲಿಲ್ಲ. ಹಗ್ಗ ಕೊಟ್ಟಿದ್ದೆವು, ಅವನೇ ಕಟ್ಟಿಕೊಳ್ಳಲಿಲ್ಲ ಎನ್ನುವುದು ನಮ್ಮ ವಾದ. ಅದು ನಿಂತರೆ ಮಾರ್ಲೆನ್ ಬಿಡುಗಡೆ. ನಿಲ್ಲದಿದ್ದರೆ ಅವನಿಗೆ ಐದು ವರ್ಷ ಜೈಲು, ಕಂಪನಿಗೆ ಬೀಗ, ಅದನ್ನು ನಂಬಿದವರೆಲ್ಲ ಬೀದಿಗೆ. ಇಂಥ ಹೊತ್ತಿನಲ್ಲಿ ಅವನು ನಿಮ್ಮ ತೋಳಿನಲ್ಲಿ ನಿಂತು, "ತಮ್ಮಾ, ನಿನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ವಲ್ಲೋ" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ್ದಾನೆ. ಇದು ತಪ್ಪೊಪ್ಪಿಗೆ ಅನ್ನುತ್ತಾನೆ ತನಿಖಾಧಿಕಾರಿ. ಉಳಿದ ಮಾತು ಗಾಳಿಯಲ್ಲಿ ಅಷ್ಟು ಸರಿಯಾಗಿ ಕೇಳಿಸುವುದಿಲ್ಲ.

ಫೋನ್ ಮಾಡಿದರೆ ನಾನು ಕಿರುಚಿದ್ದು ಇಡೀ ಕಚೇರಿಗೆ ಕೇಳಿಸುತ್ತದೆ, ನಿಮಗೊಬ್ಬರಿಗೆ ಕೇಳಿಸುವುದಿಲ್ಲ. ಅದಕ್ಕೇ ಅಟ್-ಬಾಶಿಯ ವ್ಯಾನ್ ಓಡಿಸುವ ಎಸೆನ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಸಾವಿನ ಮನೆಗೆ ಬರುವ ಗಂಡಸರೆಲ್ಲ ಹೀಗೇ ಕೂಗುತ್ತಾರೆ, ಅದು ಬರೀ ಪದ್ಧತಿ ಎಂದು ಊರಿನ ಹಿರಿಯರಾಗಿ ನಾಲ್ಕು ಸಾಲು ಬರೆದು ಸಹಿ ಹಾಕಿ ಕಳಿಸಿ. ಅವನು ಬೇರೇನಾದರೂ ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿದೆಯೇ?

ನಿಮ್ಮ ಮೇಲೆ ಕೆಂಡದಂಥ ಸಿಟ್ಟಿರುವ,
ಜಿಪಾರ್


ಅಟ್-ಬಾಶಿ, 27 ಅಕ್ಟೋಬರ್

ಮಗಳೇ ಜಿಪಾರ್,

ನಾನು ಚೆನ್ನಾಗಿದ್ದೇನೆ. ನಿನ್ನ ಅತ್ತೆಯ ಮಂಡಿ ಮೊದಲಿನ ಹಾಗೇ ಇದೆ, ಬಾಯಿ ಮೊದಲಿಗಿಂತ ಚುರುಕಾಗಿದೆ. ಕುರಿಗಳು ಇಳಿದವು. ನೀನು ಕೇಳದಿದ್ದರೂ ಹೇಳಿದ್ದೇನೆ, ನಮ್ಮ ಕಡೆಯ ಮರ್ಯಾದೆ ಉಳಿಯಲಿ.

ನಿನ್ನ ಮಾರ್ಲೆನ್ ನಮ್ಮ ಮನೆ ಬಾಗಿಲಿಗೆ ಬಂದದ್ದು ನಿನ್ನ ಹೆಸರು ಹೇಳಿಕೊಂಡೇ. ಮೂತಿ ಚೂಪಾದ ಬೂಟು, ಕಪ್ಪು ಸೂಟು. ಹಿಂದೆ ಒಂದು ಲಾರಿಯಲ್ಲಿ ಒಳ್ಳೆ ಕೊಬ್ಬಿದ ಕುದುರೆ. ನಲವತ್ತು ವರ್ಷ ದನದ ಡಾಕ್ಟರಾಗಿದ್ದವನು ನಾನು, ಕುದುರೆಯಲ್ಲಿ ಕೊರತೆ ಕಾಣಲಿಲ್ಲ. ಸತ್ತವನ ಮನೆಯಲ್ಲಿ ಕೊಯ್ಯಲು ಕುದುರೆ ತರಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಅಳುವುದನ್ನು ಮಾತ್ರ ಹೇಳಿಕೊಟ್ಟಿಲ್ಲ. ಪಟ್ಟಣದಲ್ಲಿ ಹುಟ್ಟಿ ಬೆಳೆದವನು, ಅವರಪ್ಪ ಸತ್ತಾಗ ಬ್ಯಾಂಡು ಬಾರಿಸಿದರಂತೆ.

ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಸಾವಿನ ಮನೆಗೆ ಹೊರಟವನು, ಸೇತುವೆಯ ಹತ್ತಿರ ನಿಲ್ಲಿಸಿ ಕೂತುಬಿಟ್ಟ.

"ಹಿರಿಯರೇ, ನಂಗೆ ಅಳೋಕೆ ಬರಲ್ಲ. ಏನಂತ ಕೂಗ್ಬೇಕು?"

"ಅಲ್ಲಪ್ಪ, ಕೋಲು ಹಿಡ್ಕೊ, ಬಗ್ಗು, ಗುಡಾರ ಕಂಡ ಕೂಡ್ಲೆ ಗಂಟಲು ಹರಿಯೋ ಹಂಗೆ ಕೂಗು. ನಿನಗಿಂತ ಚಿಕ್ಕೋನು, ತಮ್ಮಾ ಅನ್ನು."

"ತಮ್ಮಾ ಅಂದ್ಮೇಲೆ?"

"ಬಾಯಿಗೆ ಬಂದಿದ್ದು ಹೇಳೋ ಮಾರಾಯ! ಅಲ್ಲಿ ಯಾರೂ ಮಾತು ಕೇಳಿಸ್ಕೊಳ್ಳಲ್ಲ, ದನಿ ಕೇಳ್ತಾರೆ ಅಷ್ಟೆ."

ಹೀಗೆ ಹೇಳಿಕೊಟ್ಟವನು ನಾನು. ಅವನು ಬಾರದೇ ಹೋಗಿದ್ದರೆ ಈ ಕಣಿವೆಯಲ್ಲಿ ಅವನ ಹೆಸರೆತ್ತಿ ಉಗಿಯುತ್ತಿದ್ದರು. ನಿನ್ನ ಕಾನೂನಿಗೆ ಇದು ಗೊತ್ತಿಲ್ಲದಿದ್ದರೆ ಅದು ಕಾನೂನಿನ ಕಷ್ಟ.

ನೀನು ಕೇಳಿದ ನಾಲ್ಕು ಸಾಲು ಬೇರೆ ಕಾಗದದಲ್ಲಿದೆ. ಅದರಲ್ಲಿ ಇರುವುದೆಲ್ಲ ಸರಿ, ಗಂಡಸರು ಹಾಗೇ ಕೂಗುತ್ತಾರೆ. ಇವನು ಇನ್ನೇನು ಹೇಳಿದ ಎಂದು ಕೇಳಿದ್ದೀಯ. ನನ್ನ ಕಿವಿಯ ಯೋಗ್ಯತೆ ನಿನಗೆ ಗೊತ್ತಲ್ಲ.

ಒಳಗೆ ಹೆಂಗಸರು ಗೋಡೆಯ ಕಡೆ ತಿರುಗಿ ಹಾಡಿಕೊಂಡು ಅಳುತ್ತಿದ್ದರು. ಇವನು ಕೂಗಿದಾಗ ಕುತ್ಮಾನ್ ಹೆಂಡತಿ ಬುರುಲ್ ಹಾಡು ನಿಲ್ಲಿಸಿದಳು. ಬಾಗಿಲಲ್ಲಿ ನಿಂತಿದ್ದ ನಿನ್ನ ಅತ್ತೆ ಹೇಳಿದ್ದು.

ನನಗೊಂದು ಪ್ರಶ್ನೆ. ಆ ಹಗ್ಗ ಅವತ್ತು ಎಲ್ಲಿತ್ತು?

ನಿನ್ನ ಮಾವ,
ಸಾತಿಬಾಲ್ದಿ


ಬಿಷ್ಕೆಕ್, 24 ನವೆಂಬರ್

ಪ್ರೀತಿಯ ಮಾವ,

ನಿಮ್ಮ ಹೇಳಿಕೆ ಬಹಳ ಉಪಕಾರವಾಯಿತು. ಅದರ ಜೊತೆಗೆ ಪದ್ಧತಿಗಳನ್ನು ಬಲ್ಲ ಒಬ್ಬ ಪ್ರೊಫೆಸರ್ ಕೂಡ ಸಾಕ್ಷಿ ಹೇಳಲು ಒಪ್ಪಿದ್ದಾರೆ. ಸಿಟ್ಟಿನಲ್ಲಿ ಬರೆದದ್ದನ್ನು ಮರೆತುಬಿಡಿ.

ಹಗ್ಗ ಉಗ್ರಾಣದಲ್ಲಿ ಸಿಕ್ಕಿತು. ಅದನ್ನು ಅಲ್ಲಿಗೆ ಯಾರು ಒಯ್ದರೆಂದು ಯಾರೂ ಕಂಡಿಲ್ಲ. ಅವತ್ತು ಬೆಳಿಗ್ಗೆ ಮೇಲೆ ಇದ್ದವರು ಕುತ್ಮಾನ್ ಮತ್ತು ಮಾರ್ಲೆನ್ ಇಬ್ಬರೇ. ಒಬ್ಬ ಮಾತಾಡುವ ಹಾಗಿಲ್ಲ. ಇನ್ನೊಬ್ಬನಿಗೆ ಮಾತಾಡುವ ಚಟ ಹತ್ತಿದೆ, ಅವನ ಬಾಯಿಗೆ ನಾನು ಬೀಗ ಹಾಕಿಸಿದ್ದೇನೆ. ಇಷ್ಟು ನಿಮಗೆ ಸಾಕು ಮಾವ. ಇದಕ್ಕಿಂತ ಹೆಚ್ಚು ನೀವು ತಿಳಿದುಕೊಳ್ಳುವುದು ನನಗೆ ಬೇಡ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ತಂಗಿಯ ಮಕ್ಕಳು ಬಾಯಿಬಿಟ್ಟು ಕೇಳಿದ್ದನ್ನು ಮಾವನಾದವನು ಇಲ್ಲ ಅನ್ನಬಾರದು, ನೆನಪಿದೆ ತಾನೆ? ಚಿಕ್ಕವಳಿದ್ದಾಗ ಹೀಗೆ ಕೇಳಿಯೇ ನಿಮ್ಮ ಒಣಹುಲ್ಲಿನ ಬಣ್ಣದ ಕುದುರೆಮರಿಯನ್ನು ಹೊಡೆದುಕೊಂಡು ಬಂದಿದ್ದೆ. ಅತ್ತೆ ಈಗಲೂ ಬೈಯುತ್ತಾರೆ.

ನೊಂದ ಮನೆಯವರು ರಾಜಿಯಾಗಿದ್ದೇವೆ ಎಂದು ನ್ಯಾಯಾಧೀಶರ ಮುಂದೆ ಹೇಳಿದರೆ ನಮ್ಮ ಕಾನೂನಿನಲ್ಲಿ ಇಂಥ ಮೊಕದ್ದಮೆ ಅಲ್ಲಿಗೇ ಮುಗಿಯುತ್ತದೆ. ನೀವು ಬುರುಲ್ ಹತ್ತಿರ ಹೋಗಿ ಮಾತಾಡಿ. ನಾನೇ ಬಂದರೆ ಬೆದರಿಸಿದರು ಎಂದಾಗುತ್ತದೆ. ಮಕ್ಕಳ ಓದು ಮುಗಿಯುವವರೆಗೆ ಎಲ್ಲವನ್ನೂ ಕಂಪನಿ ನೋಡಿಕೊಳ್ಳುತ್ತದೆ ಎಂದು ಹೇಳಿ. ಮಾರ್ಲೆನ್ ಕೆಟ್ಟವನಲ್ಲ ಮಾವ. ಕುತ್ಮಾನ್‌ನ ಫೋಟೋವನ್ನು ಕಾರಿನಲ್ಲಿ ಅಂಟಿಸಿಕೊಂಡು ತಿರುಗುತ್ತಿದ್ದ, ನಾನೇ ತೆಗೆಸಿದೆ.

ಕಣಿವೆಯ ದಾರಿ ಹಿಮದಲ್ಲಿ ಮುಚ್ಚುವ ಮೊದಲು ಉತ್ತರ ಬರಲಿ.

ನಿಮ್ಮ,
ಜಿಪಾರ್


ಅಟ್-ಬಾಶಿ, 12 ಜನವರಿ 2023

ಮಗಳೇ,

ದಾರಿ ಮುಚ್ಚಿತ್ತು. ಎಸೆನ್ ವ್ಯಾನನ್ನು ಹಿಮದಲ್ಲಿ ಹೂತು, ತಾನು ಮಾತ್ರ ನಡೆದು ಮನೆಗೆ ಬಂದ. ಅದಕ್ಕೇ ತಡ.

ಬುರುಲ್ ಮನೆಗೆ ಹೋಗಿದ್ದೆ. ಚಿಕ್ಕ ಮಗು ಒಲೆಯ ಹತ್ತಿರ ಮಲಗಿತ್ತು, ಅವಳು ಉಣ್ಣೆ ಬಿಡಿಸುತ್ತಿದ್ದಳು. ಚಹಾ ಸುರಿದು ರೊಟ್ಟಿ ಮುರಿದು ಮುಂದಿಟ್ಟಳು. ನಾನು ನಿನ್ನ ಮಾತುಗಳನ್ನೆಲ್ಲ ಒಪ್ಪಿಸಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು ಕೂತು ಮಾತಾಡಿದಳು, ಪಾಪ, ಜೋರಾಗಿ ಮಾತಾಡಿ ರೂಢಿಯಿಲ್ಲ ಅವಳಿಗೆ.

"ಅಜ್ಜ, ಮಕ್ಕಳನ್ನ ನಾನು ಸಾಕ್ತೀನಿ. ಅದು ಬಿಡಿ. ಅವನು ಅತ್ತದ್ದು ನಿಜಾನಾ, ಪದ್ಧತೀನಾ? ಅದೊಂದು ನಂಗೆ ಗೊತ್ತಾಗ್ಬೇಕು."

"ನಾನು ಕಿವುಡ ಕಣಮ್ಮ," ಅಂದೆ.

"ನೀವು ಅವನ ಸೊಂಟ ಹಿಡ್ಕೊಂಡಿದ್ರಿ ಅಜ್ಜ."

ರೊಟ್ಟಿಯ ಚೂರನ್ನು ಚಹಾದಲ್ಲಿ ಅದ್ದುತ್ತಾ ಕೂತೆ.

ರಾಜಿ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಕೋರ್ಟಿಗೆ ತಾನೇ ಬರುತ್ತಾಳಂತೆ, ಅವನ ಬಾಯಿಂದ ತನ್ನ ಕಿವಿಯಾರೆ ಕೇಳುತ್ತಾಳಂತೆ. ಇನ್ನೊಂದು ಮಾತು ಹೇಳಿದಳು. ಅದನ್ನು ನಿನಗಾಗಲಿ ಮಾರ್ಲೆನ್‌ಗಾಗಲಿ ತಿಳಿಸುವುದಿಲ್ಲವೆಂದು ರೊಟ್ಟಿ ಮುಟ್ಟಿ ಮಾತು ಕೊಟ್ಟು ಬಂದಿದ್ದೇನೆ. ನೀನು ಎಷ್ಟು ಕೇಳಿದರೂ ಹೇಳುವುದಿಲ್ಲ.

ಮೊದಲ ಪತ್ರದಲ್ಲಿ ನಾನು ಜಾರಿಕೊಂಡೆ. ನಿನಗೆ ಈಗ ಹೇಳುತ್ತೇನೆ. ಈ ಹತ್ತು ವರ್ಷದಲ್ಲಿ ನನಗೆ ಒಂದಕ್ಷರ ಬಿಡದೆ ಕೇಳಿಸಿದ್ದು ಅವನ ಕೂಗೊಂದೇ. ಕಿವಿಯ ಮೇಲೇ ಬಾಯಿಟ್ಟು ಕೂಗಿದ್ದ. "ತಮ್ಮಾ, ಕಲ್ಲು ಎತ್ತೋಕೆ ಅಂತ ನಿನ್ನ ಹಗ್ಗ ಬಿಚ್ಚಿಸ್ಕೊಂಡೋನು ನಾನೇ ಕಣೋ!" ಅವನ ಮೈ ಹೇಗೆ ನಡುಗುತ್ತಿತ್ತೆಂದರೆ ನಾನು ಹಿಡಿದಿರದಿದ್ದರೆ ಬೀಳುತ್ತಿದ್ದ. ಅಂಥ ಮಾತನ್ನು ಯಾವ ಸಾವಿನ ಮನೆಯಲ್ಲೂ ಯಾರೂ ಕೂಗಿದ್ದಿಲ್ಲ ಜಿಪಾರ್.

ಅವನ ಬಾಯಿಗೆ ಹಾಕಿದ ಬೀಗ ಒಂದಿಷ್ಟು ಸಡಿಲಿಸು. ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದಾಗದು.

ಮಾವ


ಬಿಷ್ಕೆಕ್, 2 ಫೆಬ್ರವರಿ

ಮಾವ,

ನಿಮ್ಮ ಪತ್ರ ತಲುಪಿತು. ಓದಿದ ಕೂಡಲೇ ಒಲೆಗೆ ಹಾಕಿದೆ. ನನ್ನದನ್ನೂ ನೀವು ಹಾಗೇ ಮಾಡಿ.

ನಾನೂ ನಿಮ್ಮ ಹತ್ತಿರ ಮುಚ್ಚಿಟ್ಟಿದ್ದೆ. ವಿಡಿಯೋದಲ್ಲಿ ಗಾಳಿಯ ಸದ್ದಿದೆ, ಆದರೆ ಆ ಮಾತು ಕೇಳಿಸುತ್ತದೆ. ತನಿಖಾಧಿಕಾರಿಗೂ ಕೇಳಿಸಿದೆ. ಇಡೀ ಮೊಕದ್ದಮೆಯಲ್ಲಿ ಅವರ ಕೈಯಲ್ಲಿರುವುದು ಆ ಒಂದು ಕೂಗು ಮಾತ್ರ. ನನಗೆ ಉಳಿದಿರುವುದು ಒಂದೇ ದಾರಿ. ಸಾವಿನ ಮನೆಯಲ್ಲಿ ಬದುಕಿರುವವರು ತಪ್ಪೆಲ್ಲ ತಮ್ಮದೇ ಎಂದು ಮೈಮೇಲೆ ಎಳೆದುಕೊಂಡು ಅಳುತ್ತಾರೆ. ಮಗ 'ನಾನೇ ನಿನ್ನನ್ನು ಕೊಂದೆ ಅಪ್ಪಾ' ಅನ್ನುತ್ತಾನೆ, ಯಾರೂ ಅವನನ್ನು ಠಾಣೆಗೆ ಎಳೆಯುವುದಿಲ್ಲ. ಮಾರ್ಲೆನ್ ಕೂಗಿದ್ದೂ ಅದೇ ಬಗೆಯದು. ನ್ಯಾಯಾಧೀಶರಿಗೆ ನಾನು ಹೇಳುವುದು ಇಷ್ಟೇ, ಮತ್ತು ಅವರು ನಂಬುತ್ತಾರೆ.

ಬುರುಲ್ ಪ್ರಶ್ನೆಯ ಹಿಂದೆ ಸರ್ಕಾರಿ ವಕೀಲ ಇದ್ದಾನೆ, ನನಗೆ ಅನುಮಾನವೇ ಇಲ್ಲ. ಮಾರ್ಲೆನ್ ಕರಗಿ ಬಾಯಿಬಿಡಲಿ ಎಂದು ಅವಳನ್ನು ಎದುರು ಕೂರಿಸುತ್ತಾರೆ. ನಿಮ್ಮಿಂದ ರೊಟ್ಟಿ ಮುಟ್ಟಿಸಿ ಮಾತು ತೆಗೆದುಕೊಂಡದ್ದೂ ಅದಕ್ಕೇ. ಮುಗ್ಧೆ ಎಂದು ನೀವು ಕರಗಿದಿರಿ. ನಾನು ದಿನವೂ ಇಂಥವರನ್ನು ನೋಡುತ್ತೇನೆ. ನಿಜ ಹೇಳಿದವನನ್ನು ಕೋರ್ಟು ತಬ್ಬಿಕೊಂಡು ಮನೆಗೆ ಕಳಿಸುವುದಿಲ್ಲ ಮಾವ. ಕೈಕೋಳ ಹಾಕಿ ಕಳಿಸುತ್ತದೆ.

ನಿಮ್ಮನ್ನೂ ಸಾಕ್ಷಿಗೆ ಕರೆಯಬಹುದು. ಕರೆದರೆ ನಾನು ಕಿವುಡ, ನನಗೇನೂ ಕೇಳಿಸಲಿಲ್ಲ ಎನ್ನಿ. ನಂಬದವರು ಯಾರೂ ಇಲ್ಲ.

ಜಿಪಾರ್


ಅಟ್-ಬಾಶಿ, 3 ಮಾರ್ಚ್

ಜಿಪಾರ್,

ನಾನು ಕಿವುಡ. ಸುಳ್ಳುಗಾರನಲ್ಲ. ಎರಡೂ ಒಂದೇ ಎಂದು ನಿನಗೆ ಯಾವ ಕಾಲೇಜಿನಲ್ಲಿ ಕಲಿಸಿದರು?

ಕರೆದರೆ ಬರುತ್ತೇನೆ. ಕೇಳಿದರೆ ಕೇಳಿಸಿದ್ದನ್ನು ಹೇಳುತ್ತೇನೆ. ಕೇಳದಿದ್ದರೆ ನಾನಾಗಿ ಬಾಯಿ ತೆರೆಯುವುದಿಲ್ಲ. ನಿನ್ನ ಅಮ್ಮನ ಮುಖ ನೋಡಿ ಇಷ್ಟು ಮಾಡಬಲ್ಲೆ.

ಬುರುಲ್ ಹಿಂದೆ ಯಾವ ವಕೀಲನೂ ಇಲ್ಲ. ಅವಳ ಹಿಂದೆ ಇರುವುದು ಎರಡು ಮಕ್ಕಳು, ಒಂದು ಹಸು. ಹೆಂಗಸು ಒಂದು ಮಾತು ಕೇಳಿದರೆ ಅದರಲ್ಲಿ ಹುನ್ನಾರ ಹುಡುಕುವ ರೋಗ ನಿನಗೆ ಯಾವಾಗ ಹಿಡಿಯಿತೋ ತಿಳಿಯದು.

ಮಾರ್ಲೆನ್‌ಗೆ ಏನು ಬೇಕು ಎಂದು ಒಂದು ಸಲವಾದರೂ ಕೇಳಿದ್ದೀಯಾ? ನಿನ್ನ ಪತ್ರಗಳಲ್ಲಿ ಅವನ ಜೈಲು ಇದೆ, ಕಂಪನಿ ಇದೆ, ಅವನಿಲ್ಲ.

ಸಾತಿಬಾಲ್ದಿ


ಬಿಷ್ಕೆಕ್, 20 ಜೂನ್

ಪ್ರೀತಿಯ ಮಾವ,

ಗೆದ್ದೆವು! ಕಂಪನಿಯೂ ನಿರಪರಾಧಿ, ಮಾರ್ಲೆನ್ ಕೂಡ ನಿರಪರಾಧಿ. ನಿನ್ನೆ ತೀರ್ಪು ಬಂತು. ಸಿಟ್ಟು ಬಿಟ್ಟು ಈ ಪತ್ರವನ್ನು ಕೊನೆಯವರೆಗೆ ಓದಿ.

ನಿಮ್ಮನ್ನು ಕರೆಸಲು ಸರ್ಕಾರಿ ವಕೀಲ ಹೊರಟಿದ್ದ. ನಿಮ್ಮ ಕಿವಿಯ ಬಗ್ಗೆ ಆಸ್ಪತ್ರೆಯವರು ಕೊಟ್ಟ ಹಳೆಯ ಸರ್ಟಿಫಿಕೇಟನ್ನು ನಾನು ಮುಂದಿಟ್ಟೆ, ಅಲ್ಲಿಗೆ ಅದು ನಿಂತಿತು. ನೀವು ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ ನೋಡಿ.

ಪ್ರೊಫೆಸರ್ ಚೆನ್ನಾಗಿ ಮಾತಾಡಿದರು. ಆಮೇಲೆ ನನ್ನ ಸರದಿ. "ಸ್ವಾಮಿ, ಈ ಕೋಣೆಯಲ್ಲಿ ಯಾರ ಮನೇಲಿ ಸಾವಾಗಿಲ್ಲ? ಗುಡಾರದ ಮುಂದೆ ನಿಂತಾಗ ನಮ್ಮ ಅಪ್ಪ, ಅಣ್ಣ ಏನೆಲ್ಲ ಕೂಗಿಲ್ಲ? ಅಲ್ಲಿ ಆಡಿದ ಮಾತಿಗೆ ಅರ್ಥ ಹಚ್ಚೋದಾದ್ರೆ ಇಡೀ ದೇಶವನ್ನ ಜೈಲಿಗೆ ಹಾಕ್ಬೇಕು. ಎಲ್ಲರೂ ಹಾಗೇ ಅಳ್ತಾರೆ," ಅಂದೆ. ನ್ಯಾಯಾಧೀಶರು ವಸಂತದಲ್ಲಿ ತಂದೆಯನ್ನು ಕಳೆದುಕೊಂಡವರು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಅಲ್ಲೇ ಗೊತ್ತಾಯಿತು, ಗೆದ್ದೆ ಎಂದು.

ಈಗ ನಿಮಗಲ್ಲದೆ ಬೇರೆ ಯಾರಿಗೂ ಹೇಳಲಾಗದ್ದು. ಆ ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಮೇಲೆ ಮಾರ್ಲೆನ್ ನನ್ನ ತೋಳು ಹಿಡಿದುಕೊಂಡ.

"ಜಿಪಾರ್, ಹೇಳ್ಬಿಡ್ತೀನಿ ಕಣಮ್ಮ. ಲಿಫ್ಟ್ ಕೆಟ್ಟಿತ್ತು, ಒಂದು ಗಳಿಗೆ ಹಗ್ಗ ಕೊಡೋ ಅಂದೆ, ಅವನು ನಗ್ತಾ ಬಿಚ್ಚಿಕೊಟ್ಟ. ಇದನ್ನ ಹೊತ್ಕೊಂಡು ನಂಗೆ ತಿರುಗೋಕೆ ಆಗ್ತಿಲ್ಲ."

"ಹೇಳಿ. ಸಾಯಂಕಾಲ ಜೈಲಲ್ಲಿ ಊಟ. ನಿಮ್ಮ ತಾಯಿಗೆ ಯಾರು ಹೇಳ್ತಾರೆ, ನಾನಾ ನೀವಾ?" ಅಂದೆ.

ಅವನು ತೋಳು ಬಿಟ್ಟ. ಇದು ಮೊದಲ ಸಲವಲ್ಲ, ಚಳಿಗಾಲದಿಂದಲೂ ಹೇಳುತ್ತಲೇ ಇದ್ದ. ನಿಮಗೆ ನಾನು ತಿಳಿಸಲಿಲ್ಲ. ತಿಳಿಸಿದ್ದರೆ ನೀವು ಅವನ ಪಕ್ಷ ಹಿಡಿಯುತ್ತಿದ್ದಿರಿ.

ಬುರುಲ್ ಮೂರನೇ ಸಾಲಿನಲ್ಲಿ ಕಪ್ಪು ಸ್ಕಾರ್ಫ್ ಹಾಕಿ ಕೂತಿದ್ದಳು. ಸಂತ್ರಸ್ತೆಯಾಗಿ ಕೊನೆಗೆ ಮಾತಾಡುತ್ತೇನೆ ಎಂದು ಮೊದಲೇ ಹೇಳಿದ್ದಳು. ನನಗೆ ಅದರದೇ ಭಯ. ನ್ಯಾಯಾಧೀಶರು ಮಾರ್ಲೆನ್‌ನನ್ನು ಎಬ್ಬಿಸಿ, ಆ ಮಾತಿನ ಅರ್ಥವೇನೆಂದು ಕೇಳಿದರು. ಅವನು ಅವಳನ್ನು ನೋಡಿದ. ಅವಳು ಕಣ್ಣು ಕೀಳದೆ ಇವನನ್ನೇ ನೋಡುತ್ತಿದ್ದಳು. ಆಮೇಲೆ ಅವನು ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ, ಬೇಡ ಎಂದು.

"ಪದ್ಧತಿ ಪ್ರಕಾರ ಅತ್ತಿದ್ದು," ಅಂದ.

ಬುರುಲ್ ಎದ್ದು ಹೊರಟೇ ಹೋದಳು. ಅವಳ ಸರದಿ ಬಂದಾಗ ಕುರ್ಚಿ ಖಾಲಿಯಿತ್ತು. ನಮಗೆ ಅದೂ ಒಳ್ಳೆಯದೇ ಆಯಿತು.

ನಾನು ಮಾಡಿದ್ದು ನನ್ನ ಕೆಲಸ. ಬೇರೆ ಯಾವ ವಕೀಲನಾದರೂ ಇದನ್ನೇ ಮಾಡುತ್ತಿದ್ದ. ಆದರೂ ತೀರ್ಪು ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ಮಾರ್ಲೆನ್ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ನಿಮ್ಮಿಂದ ಒಂದು ಶಹಬ್ಬಾಸ್ ಬರಲಿ ಮಾವ. ಚಿಕ್ಕದಾದರೂ ಪರವಾಗಿಲ್ಲ.

ನಿಮ್ಮ,
ಜಿಪಾರ್


ಬಿಷ್ಕೆಕ್, 15 ಆಗಸ್ಟ್

ಮಾವ,

ಪತ್ರ ತಲುಪಿತು ಎನ್ನುತ್ತಾನೆ ಎಸೆನ್. ನೀವೇ ಕೈಯಾರೆ ತೆಗೆದುಕೊಂಡಿರಂತೆ. ಓದಿ ಮಡಚಿ ಜೇಬಿಗೆ ಹಾಕಿದಿರಂತೆ. ಉತ್ತರ ಇದೆಯಾ ಎಂದು ಕೇಳಿದರೆ ಕಿವಿ ತೋರಿಸಿದಿರಂತೆ.

ಬೈಯುವುದಿದ್ದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.

ಜಿಪಾರ್


ಅಟ್-ಬಾಶಿ, 9 ಅಕ್ಟೋಬರ್

ಮಗಳೇ ಜಿಪಾರ್,

ರೊಟ್ಟಿ ಮುಟ್ಟಿ ಕೊಟ್ಟ ಮಾತಿಗೆ ಕುತ್ಮಾನ್‌ನ ವರ್ಷದ ಊಟದವರೆಗೆ ಗಡುವಿತ್ತು. ನಿನ್ನೆ ಊಟ ಆಯಿತು. ಇನ್ನು ಬರೆಯಬಹುದು.

ಜನವರಿಯಲ್ಲಿ ಬುರುಲ್ ಹೇಳಿದ್ದು ಇದು. "ಅಜ್ಜ, ಅವತ್ತು ಬಂದೋರೆಲ್ಲ ಪದ್ಧತಿಗೆ ಅತ್ರು. ನಿಜ ಹೇಳ್ಕೊಂಡು ಅತ್ತೋನು ಅವನೊಬ್ನೇ. ಅದಕ್ಕೇ ನಂಗೆ ಹಾಡೋಕೆ ಬಾಯಿ ಬರ್ಲಿಲ್ಲ. ಕೋರ್ಟಲ್ಲಿ ಅದೇ ಮಾತು ಇನ್ನೊಂದ್ಸಲ ಹೇಳ್ಲಿ, ನಾನು ಅಲ್ಲೇ ಎದ್ದು ರಾಜಿ ಅಂತೀನಿ. ಅವನನ್ನ ಜೈಲಿಗೆ ಹಾಕಿಸಿ ನಂಗೇನಾಗ್ಬೇಕು? ಆದ್ರೆ ಅವನಿಗೆ ಮೊದ್ಲೇ ತಿಳಿಸ್ಬೇಡಿ. ತಿಳಿದ್ರೆ ವ್ಯಾಪಾರ ಆಗ್ಬಿಡತ್ತೆ."

ಆ ದಿನ ಕೋರ್ಟಿನಲ್ಲಿ ಅವಳು ಕೂತಿದ್ದು ಅವನನ್ನು ಬಿಡಿಸಿಕೊಂಡು ಹೋಗಲು. ನೀನು ಬೇಡ ಎಂದು ತಲೆಯಾಡಿಸಿದೆ.

ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ಅವನು ಮೊದಲಿನಿಂದಲೂ ಹೇಳಲು ಹಟ ಹಿಡಿದಿದ್ದಾನೆ ಎಂದು ನೀನು ನನಗೆ ಒಂದು ಸಾಲು ಬರೆದಿದ್ದರೆ, ರೊಟ್ಟಿ ಗಿಟ್ಟಿ ನೋಡದೆ ನಾನು ಮೊದಲ ವ್ಯಾನ್ ಹತ್ತಿ ಬರುತ್ತಿದ್ದೆ. ನಾನು ಮಾತು ಮುರಿದು ಒಂದು ಸಾಲು ಬರೆದಿದ್ದರೆ ನೀನು ತಲೆಯಾಡಿಸುತ್ತಿರಲಿಲ್ಲ. ನಾಲ್ಕು ತಿಂಗಳು ಇದನ್ನೇ ಯೋಚಿಸಿದೆ. ಬರೆಯಲು ಕೂತಾಗಲೆಲ್ಲ ಕೈ ಏಳಲಿಲ್ಲ.

ನಿನ್ನೆಯದನ್ನೂ ಕೇಳು. ಮಾರ್ಲೆನ್ ಬಂದಿದ್ದ. ಯಾರೂ ಕರೆದಿರಲಿಲ್ಲ. ಕಾರನ್ನು ದೂರದಲ್ಲಿ ಬಿಟ್ಟು, ಕುರಿಯೊಂದನ್ನು ತಾನೇ ಎಳೆದುಕೊಂಡು ನಡೆದು ಬಂದ. ಬಹಳ ಇಳಿದುಹೋಗಿದ್ದಾನೆ. ಈ ಸಲ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ಗುಡಾರ ಕಂಡದ್ದೇ ಬಾಗಿ ಅದೇ ಮಾತನ್ನು ಕೂಗಿದ, ಹೋದ ಸಲಕ್ಕಿಂತ ಗಟ್ಟಿಯಾಗಿ. ಊರು ಊರೇ ನಿಂತು ನೋಡಿತು.

ಒಳಗಿನಿಂದ ಬುರುಲ್ ಹಾಡು ನಿಲ್ಲಲಿಲ್ಲ. ದೂರದಿಂದ ಬಂದ ನೆಂಟನಿಗೆ ಹಾಡಬೇಕಾದ ಸಾಲುಗಳನ್ನು ಒಂದೂ ಬಿಡದೆ ಹಾಡಿದಳಂತೆ. ನಿನ್ನ ಅತ್ತೆಗೆ ಮೈ ಜುಮ್ಮೆಂದಿತಂತೆ.

ಆಮೇಲೆ, ಶೋಕದ ವರ್ಷ ಮುಗಿಯಿತೆಂದು, ಹಿರಿಯ ಹೆಂಗಸರು ಅವಳ ಕಪ್ಪು ತೆಗೆಸಿ ಬಿಳಿ ಉಡಿಸಿದರು. ಅವಳು ಹೊರಗೆ ಬಂದು ಮಾರ್ಲೆನ್‌ನನ್ನು ಕರೆದು, ನನಗಿಂತ ಮೇಲಿನ ಜಾಗದಲ್ಲಿ ಕೂರಿಸಿದಳು. ಕೈಗೆ ತಾನೇ ನೀರು ಹಾಕಿದಳು. ಮಾಂಸದಲ್ಲಿ ಹಿರಿಯರಿಗೆ ಸಲ್ಲುವ ಪಾಲನ್ನೇ ಅವನ ಮುಂದಿಟ್ಟಳು. ಅವನ ಮುಖ ಅರಳಿದ್ದನ್ನು ನೋಡಲಾಗಲಿಲ್ಲ ಮಗಳೇ. ಕ್ಷಮಿಸಿದಳು ಎಂದುಕೊಂಡುಬಿಟ್ಟ. ನಾನೂ ಹಾಗೇ ಅಂದುಕೊಂಡೆ.

ಊಟ ಮುಗಿದ ಮೇಲೆ ಅವಳು ಹೊಸ ನಿಲುವಂಗಿ ತಂದು ಅವನ ಹೆಗಲಿಗೆ ಹೊದಿಸಿದಳು. ಅವನು ಅವಳ ಕೈ ಹಿಡಿಯಲು ಹೋದ.

"ಬುರುಲ್, ಅದು ಪದ್ಧತಿ ಅಲ್ಲ ಕಣಮ್ಮ. ನಿಜ. ಹಗ್ಗ ಬಿಚ್ಚಿಸಿದ್ದು ನಾನೇ. ಕೋರ್ಟಲ್ಲಿ ನಾನು..."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ನಿಲುವಂಗಿಯ ಭುಜ ಸರಿಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ತುಟಿ ನೋಡಿ ತಿಳಿದುಕೊಂಡೆ.

"ದಣೀಬೇಡಿ ಅಣ್ಣ. ಚಹಾ ಕುಡೀರಿ. ಇದೂ ಪದ್ಧತೀನೇ, ಬಂದೋರಿಗೆಲ್ಲ ಹೊದಿಸ್ತೀವಿ."

ಅಷ್ಟು ಹೇಳಿ ಮುಂದಿನ ನೆಂಟರಿಗೆ ಹೊದಿಸಲು ಹೋದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಹೇಗೋ ಉಸಿರಾಡುತ್ತಿದ್ದ.

ನಾನು ಅವನನ್ನು ಕಾರಿನವರೆಗೆ ಬಿಡಲು ಹೋದೆ. ನಿಲುವಂಗಿ ತೊಟ್ಟೇ ನಡೆದ, ಬಿಚ್ಚಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತು ನನ್ನ ಕಿವಿಯ ಹತ್ತಿರ ಬಾಗಿದ.

"ಹಿರಿಯರೇ, ವಾಪಸ್ ಹೋಗಿ ಇನ್ನೊಂದ್ಸಲ ಅಳ್ಲಾ?"

"ಬಿಳಿ ಉಡಿಸಿ ಆಯ್ತಲ್ಲಪ್ಪ," ಅಂದೆ. "ಇನ್ಮೇಲೆ ಆ ಮನೆ ಮುಂದೆ ಯಾರೂ ಅಳೋ ಹಂಗಿಲ್ಲ."

ನಿನ್ನ ಮಾವ,
ಸಾತಿಬಾಲ್ದಿ